ಹಸಿವಿನ ನೇರಪ್ರಸಾರ

2005ರ ಜುಲೈ 2ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಪಿಂಕ್ ಫ್ಲಾಯ್ಡ್ ಎಂಬ ಹಳೆಯ ಸಂಗೀತ ತಂಡದ ನಾಲ್ವರು ಒಂದೇ ವೇದಿಕೆಯ ಮೇಲೆ ನಿಂತರು. ಮನಸ್ತಾಪದಿಂದ ದೂರವಾಗಿದ್ದ ಅವರು ಹೀಗೆ ಜೊತೆಯಾಗಿ ನುಡಿಸಿ 24 ವರ್ಷಗಳಾಗಿದ್ದವು. ಬಡ ದೇಶಗಳ ಸಾಲ ಮನ್ನಾ ಆಗಬೇಕು, ಆಫ್ರಿಕಾಕ್ಕೆ ಹೋಗುವ ನೆರವು ಹೆಚ್ಚಬೇಕು ಎಂದು ಏರ್ಪಡಿಸಿದ್ದ 'ಲೈವ್ 8' ಎಂಬ ಕಾರ್ಯಕ್ರಮ ಅದು. ಅಮೆರಿಕದಲ್ಲಿ ಇದನ್ನು ಬಿತ್ತರಿಸುತ್ತಿದ್ದ ಎಂಟಿವಿ ಮತ್ತು ವಿಎಚ್ ಒನ್ ವಾಹಿನಿಗಳು ಆ ದಿನವಿಡೀ ಹಾಡುಗಳನ್ನು ನಡುನಡುವೆ ತುಂಡರಿಸಿ ತಮ್ಮ ನಿರೂಪಕರ ಮುಖ ತೋರಿಸಿದವು, ಜಾಹೀರಾತು ತೋರಿಸಿದವು. ಪಿಂಕ್ ಫ್ಲಾಯ್ಡ್ ನುಡಿಸುತ್ತಿದ್ದಾಗಲೂ ಹಾಗೆಯೇ ಮಾಡಿದವು.

ವೀಕ್ಷಕರು ಸುಮ್ಮನಿರಲಿಲ್ಲ. ದೂರಿನ ಮೇಲೆ ದೂರು ಹೋಯಿತು. ಎಓಎಲ್ ಎಂಬ ಕಂಪನಿ ಅದೇ ದಿನ ಬೇರೆ ಬೇರೆ ಊರುಗಳ ವೇದಿಕೆಗಳನ್ನು ಅಂತರ್ಜಾಲದಲ್ಲಿ ನೇರವಾಗಿ ತೋರಿಸಿತ್ತಾದ್ದರಿಂದ ಹೋಲಿಸಿ ಬೈಯುವುದೂ ಸುಲಭವಾಯಿತು. ಕೊನೆಗೆ ಆ ಎರಡು ವಾಹಿನಿಗಳು ಜುಲೈ 9ರಂದು ತಲಾ ಐದು ಗಂಟೆಗಳ ಕಾಲ, ಜಾಹೀರಾತಿಲ್ಲದೆ, ನಿರೂಪಕರ ಹರಟೆಯಿಲ್ಲದೆ, ಹಾಡುಗಳನ್ನು ಮರುಪ್ರಸಾರ ಮಾಡಬೇಕಾಯಿತು.

ದೂರು ನ್ಯಾಯವಾದದ್ದೇ. ಕವ್ವಾಲಿ ಇನ್ನೇನು ಏರುತ್ತಿದೆ ಎನ್ನುವಾಗ ಮೈಕ್ ಕಸಿದುಕೊಂಡು ಕಾರಿನ ನಂಬರ್ ಓದಿ 'ಗಾಡಿ ಸ್ವಲ್ಪ ಸರಿಸಿ' ಎನ್ನುವವನ ಮೇಲೆ ನಮಗೂ ಸಿಟ್ಟು ಬರುತ್ತದೆ. ಆದರೆ ಈ ಪ್ರಸಂಗದಲ್ಲಿ ನಮ್ಮನ್ನು ಕಾಡುವುದು ಬೇರೆ. ಸುದ್ದಿಯಾದ ದೂರೆಲ್ಲ ಹಾಡಿನದ್ದು. ಗಿಟಾರು ಅರ್ಧಕ್ಕೆ ನಿಂತಿತು ಎಂಬುದು. ಸಾಲದ ಮಾತು, ಹಸಿವಿನ ಮಾತು ಅರ್ಧಕ್ಕೆ ನಿಂತಿತು ಎಂದು ವಾಹಿನಿಯವರ ಮೇಲೆ ಹರಿಹಾಯ್ದವರ ಸುದ್ದಿ ನಮ್ಮ ಕಣ್ಣಿಗೆ ಬಿದ್ದಿಲ್ಲ. ಹಾಗಾದರೆ ಪರೋಪಕಾರಕ್ಕೆಂದು ನಡೆಯುವ ಸಂಗೀತ ಕಾರ್ಯಕ್ರಮವನ್ನು ಟಿವಿಯಲ್ಲಿ ನೋಡಲು ಕೂತವರು ನಿಜಕ್ಕೂ ಯಾವುದನ್ನು ನೋಡಲು ಕೂತಿರುತ್ತೇವೆ? ಯಾರ ಹೆಸರಿನಲ್ಲಿ ಆ ವೇದಿಕೆ ಎದ್ದಿತೋ ಅವರು ಆ ಪರದೆಯ ಮೇಲೆ ಎಷ್ಟು ಹೊತ್ತು, ಹೇಗೆ, ಯಾರ ಅನುಮತಿಯಿಂದ ಇರಬೇಕು?

ಆ ವಾರದ ದಿನಗಳನ್ನು ಒಮ್ಮೆ ಎಣಿಸಿ ನೋಡಬೇಕು. ಜುಲೈ 2ರಂದು ಹಾಡು. ಜುಲೈ 6ರಿಂದ 8ರವರೆಗೆ ಸ್ಕಾಟ್ಲೆಂಡಿನ ಗ್ಲೆನೀಗಲ್ಸ್‌ನಲ್ಲಿ ಎಂಟು ಬಲಾಢ್ಯ ದೇಶಗಳ ನಾಯಕರ ಸಭೆ. ಲೈವ್ 8 ಹಣ ಕೇಳಿರಲಿಲ್ಲ, ಈ ನಾಯಕರ ಮೇಲೆ ಒತ್ತಡ ತರಲು ಜನರ ಹೆಸರುಗಳನ್ನು ಕೇಳಿತ್ತು. ಆದರೆ ಜುಲೈ 7ರ ಬೆಳಿಗ್ಗೆ ಲಂಡನ್ನಿನ ರೈಲು ಮತ್ತು ಬಸ್ಸಿನಲ್ಲಿ ನಾಲ್ವರು ಯುವಕರು ಬಾಂಬು ಸಿಡಿಸಿ 52 ಜನರ ಪ್ರಾಣ ತೆಗೆದರು. ನಮ್ಮ ಧರ್ಮದ ಹೆಸರು ಹೇಳಿಕೊಂಡು ಮಾಡಿದ ಪಾತಕ ಅದು. ಕ್ಯಾಮರಾಗಳೆಲ್ಲ ಅತ್ತ ತಿರುಗಿದವು, ತಿರುಗಲೇಬೇಕಿತ್ತು. ಮರುದಿನ ಗ್ಲೆನೀಗಲ್ಸ್‌ನಲ್ಲಿ ನೆರವಿನ ಬಗ್ಗೆ, 18 ದೇಶಗಳ ಸಾಲದ ಬಗ್ಗೆ ಏನು ತೀರ್ಮಾನವಾಯಿತು, ಯಾವ ಷರತ್ತಿಗೆ ಒಳಪಟ್ಟು ಆಯಿತು ಎಂಬುದನ್ನು ಕೂತು ವಿವರಿಸುವ ವ್ಯವಧಾನ ಯಾವ ವಾಹಿನಿಗೂ ಉಳಿದಿರಲಿಲ್ಲ. ಜುಲೈ 9ರಂದು ಹಾಡು ಮಾತ್ರ ಪೂರ್ಣವಾಗಿ ಮರುಪ್ರಸಾರವಾಯಿತು.

ಕಿರುತೆರೆಯವರನ್ನು ಬೈಯುವುದು ಸುಲಭ. ಅವರ ಕಷ್ಟವೂ ಇದೆ. ಸಾಲವನ್ನು ತೋರಿಸುವುದು ಹೇಗೆ? ಬಡ್ಡಿಗೆ ಮುಖವಿಲ್ಲ. ಒಂದು ದೇಶದ ಖಜಾನೆ ಖಾಲಿಯಾಗುವುದಕ್ಕೆ ತಾಳವಿಲ್ಲ, ರಾಗವಿಲ್ಲ. ರಿಮೋಟು ಕೈಯಲ್ಲಿ ಹಿಡಿದು ಕೂತ ವೀಕ್ಷಕ ಎರಡು ನಿಮಿಷ ಬೇಸರಪಟ್ಟರೆ ಪ್ರಾಯೋಜಕ ಎದ್ದು ಹೋಗುತ್ತಾನೆ. ಆದ್ದರಿಂದ ನಿರೂಪಕ ಬರುತ್ತಾನೆ. ಅವನ ಕೆಲಸ ವಿಷಯ ತಿಳಿಸುವುದಲ್ಲ, ವೀಕ್ಷಕನನ್ನು ಮುಂದಿನ ಜಾಹೀರಾತಿನವರೆಗೆ ಹಿಡಿದಿಡುವುದು. ಹಾಡಿನ ನಡುವೆ ಬಾಯಿ ಹಾಕಿದ್ದು ಅವನ ಅರಸಿಕತನದಿಂದಲ್ಲ, ಆ ಉದ್ಯಮದ ಲೆಕ್ಕಾಚಾರದಿಂದ. ಹಾಡನ್ನೇ ಗೌರವಿಸದ ಆ ಲೆಕ್ಕಾಚಾರ ಹಸಿದವನನ್ನು ಗೌರವಿಸುತ್ತದೆ ಎಂದು ನಿರೀಕ್ಷಿಸುವುದು ಹೇಗೆ?

ಈ ಕಥೆಯ ಬೇರು 1984ರಲ್ಲಿದೆ, ಅದು ಶುರುವಾದದ್ದು ಹಾಡಿನಿಂದಲ್ಲ. ಆ ವರ್ಷದ ಅಕ್ಟೋಬರ್ 23ರಂದು ಬಿಬಿಸಿ ವಾಹಿನಿ ಇಥಿಯೋಪಿಯಾದ ಕೊರೆಮ್ ಎಂಬ ಊರಿನ ವರದಿಯೊಂದನ್ನು ತೋರಿಸಿತು. ವರದಿಗಾರ ಮೈಕೆಲ್ ಬರ್ಕ್. ಚಿತ್ರ ತೆಗೆದವರು ಮೊಹಮ್ಮದ್ ಅಮೀನ್. ಬೆಳಗಿನ ಚಳಿಯಲ್ಲಿ, ಮಂಜಿನ ನಡುವೆ, ಬಯಲಿನ ತುಂಬ ಬಟ್ಟೆ ಹೊದ್ದು ಕೂತ ಸಾವಿರಾರು ಜನ. ಕೆಲವರು ರಾತ್ರಿಯೇ ತೀರಿಕೊಂಡವರು. ಆ ಕೆಲವೇ ನಿಮಿಷಗಳ ದೃಶ್ಯವನ್ನು ಜಗತ್ತಿನ 400ಕ್ಕೂ ಹೆಚ್ಚು ಟಿವಿ ಕೇಂದ್ರಗಳು ಬಿತ್ತರಿಸಿದವು. ಬರಗಾಲ ಬರುತ್ತಿದೆ ಎಂದು ನೆರವು ಸಂಸ್ಥೆಗಳು ಅದಕ್ಕೂ ಮೊದಲು ಬರೆದು ಹೇಳುತ್ತಲೇ ಇದ್ದವು. ಬರೆದದ್ದಕ್ಕೆ ಅಲುಗದ ಜಗತ್ತು ನೋಡಿದ್ದಕ್ಕೆ ಅಲುಗಿತು.

ಈ ಅಮೀನ್ ಅವರ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಭಾರತ ಮೂಲದ ಪಂಜಾಬಿ ಮುಸ್ಲಿಂ ಮನೆತನದವರು, ಹುಟ್ಟಿದ್ದು 1943ರಲ್ಲಿ, ನೈರೋಬಿಯಲ್ಲಿ. ಹಜ್ ಯಾತ್ರೆಯ ಚಿತ್ರಗಳಿಂದಲೂ ಹೆಸರಾದವರು. 1991ರಲ್ಲಿ ಅಡಿಸ್ ಅಬಾಬಾದ ಮದ್ದುಗುಂಡಿನ ದಾಸ್ತಾನು ಸ್ಫೋಟಿಸಿದಾಗ ಒಂದು ಕೈ ಕಳೆದುಕೊಂಡರು. ಕೃತಕ ಕೈ ಹಾಕಿಸಿಕೊಂಡು ಮತ್ತೆ ಕ್ಯಾಮರಾ ಹಿಡಿದರು. 1996ರ ನವೆಂಬರಿನಲ್ಲಿ ಅಪಹರಣಕ್ಕೊಳಗಾದ ಇಥಿಯೋಪಿಯಾದ ವಿಮಾನ ಇಂಧನ ಮುಗಿದು ಕೊಮೊರೊಸ್ ದ್ವೀಪದ ಬಳಿ ಕಡಲಿಗೆ ಬಿದ್ದಾಗ ಅದರಲ್ಲಿದ್ದ ಅಮೀನ್ ತೀರಿಕೊಂಡರು. ಲೈವ್ ಏಡ್ ಎಂದರೆ ಹಾಡುಗಾರರ ಹೆಸರು ಗಡಗಡ ಹೇಳುವವರಲ್ಲಿ ಎಷ್ಟು ಮಂದಿಗೆ ಈ ಹೆಸರು ಗೊತ್ತು?

ಬರ್ಕ್ ಮತ್ತು ಅಮೀನ್ ಅದೇ ಪ್ರವಾಸದಲ್ಲಿ ಮೆಕೆಲೆ ಎಂಬ ಊರಿಗೂ ಹೋಗಿದ್ದರು. ಅಲ್ಲಿ ರೆಡ್‌ಕ್ರಾಸಿನ ಕ್ಲೇರ್ ಬರ್ಶಿಂಗರ್ ಎಂಬ ದಾದಿ ಇದ್ದರು. ಅವರ ಬಳಿ ಇದ್ದ ಆಹಾರ ಕೆಲವೇ ಮಕ್ಕಳಿಗೆ ಸಾಲುವಷ್ಟು. ಹೊರಗೆ ಸಾಲು ಕೂತ ಮಕ್ಕಳು ಅದರ ಎಷ್ಟೋ ಪಟ್ಟು. ಯಾವ ಮಗುವನ್ನು ಒಳಗೆ ಬಿಡಬೇಕು, ಯಾವುದನ್ನು ಬಿಡಬಾರದು ಎಂದು ಆ ತರುಣಿಯೇ ನಡೆದು ನೋಡಿ ನಿರ್ಧರಿಸಬೇಕಿತ್ತು. ಆರಿಸದೆ ಉಳಿದ ಮಗು ಬದುಕುವುದು ಕಷ್ಟ ಎಂಬುದು ಅವರಿಗೆ ಗೊತ್ತಿತ್ತು. ಆ ಭಾರ ಹಲವು ವರ್ಷ ಅವರನ್ನು ಬಿಡಲಿಲ್ಲ.

ನಮ್ಮ ಯೋಚನೆ ಈ ದಾದಿಯ ಬಳಿಗೇ ಮತ್ತೆ ಮತ್ತೆ ಮರಳುತ್ತದೆ. ಟಿವಿಯ ನಿಯಂತ್ರಣ ಕೊಠಡಿಯಲ್ಲಿ ಕೂತವನೂ ಆರಿಸುತ್ತಾನೆ. ಹತ್ತು ಕ್ಯಾಮರಾಗಳ ಚಿತ್ರಗಳಲ್ಲಿ ಒಂದನ್ನು ಒಳಕ್ಕೆ ಬಿಡುತ್ತಾನೆ, ಒಂಬತ್ತನ್ನು ಹೊರಗಿಡುತ್ತಾನೆ. ಕಥೆ ಬರೆಯುವ ನಾವೂ ಮಾಡುವುದು ಅದನ್ನೇ, ಒಂದು ಓಣಿಯ ನೂರು ಮನೆಗಳಲ್ಲಿ ಒಂದು ಮನೆಯ ಬಾಗಿಲು ತಟ್ಟುತ್ತೇವೆ. ಆಯ್ಕೆ ತಪ್ಪಲ್ಲ. ಆಯ್ಕೆಯಿಲ್ಲದೆ ಊಟವನ್ನೂ ಬಡಿಸಲಾಗದು, ಕಥೆಯನ್ನೂ ಹೇಳಲಾಗದು. ಆದರೆ ಆ ದಾದಿಗೆ ತಾನು ಬಿಟ್ಟ ಮಗುವಿನ ಮುಖ ನೆನಪಿತ್ತು. ಬಿಟ್ಟದ್ದರ ಭಾರ ಹೊತ್ತು ಆರಿಸುವುದು ಒಂದು, ಬಿಟ್ಟದ್ದು ಇತ್ತೆಂಬುದೇ ಗೊತ್ತಿಲ್ಲದಂತೆ ಆರಿಸುವುದು ಇನ್ನೊಂದು. ಈ ಎರಡರ ನಡುವಿನ ಅಂತರವೇ ನೀತಿಯ ಪ್ರಶ್ನೆ ಎಂದು ನಮಗೆ ತೋರುತ್ತದೆ.

1985ರ ಜುಲೈ 13ರಂದು ನಡೆದ ಲೈವ್ ಏಡ್‌ನ ಪ್ರಸಾರದಲ್ಲಿ ಈ ಎರಡೂ ಬಗೆಯ ಆಯ್ಕೆಗಳು ಕಾಣಸಿಗುತ್ತವೆ. ಬಾಬ್ ಗೆಲ್ಡಾಫ್, ಮಿಜ್ ಯೂರ್ ಎಂಬ ಗಾಯಕರು ಮುಂದೆ ನಿಂತು ನಡೆಸಿದ ಕಾರ್ಯಕ್ರಮ. ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಸುಮಾರು 72,000 ಜನ, ಅಮೆರಿಕದ ಫಿಲಡೆಲ್ಫಿಯಾದಲ್ಲಿ ಅದಕ್ಕಿಂತಲೂ ಹೆಚ್ಚು. ಎರಡೂ ಕಡೆ ಸೇರಿ ಹದಿನಾರು ಗಂಟೆಗಳ ಹಾಡು, ಉಪಗ್ರಹಗಳ ಮೂಲಕ ನೂರಕ್ಕೂ ಹೆಚ್ಚು ದೇಶಗಳಿಗೆ. ಯಂತ್ರಗಳು ಕೈಕೊಟ್ಟದ್ದೂ ಉಂಟು: ಪಾಲ್ ಮೆಕಾರ್ಟ್ನಿ ಹಾಡಲು ಕೂತಾಗ ಮೊದಲ ಎರಡು ನಿಮಿಷ ಮೈಕ್ ಸತ್ತಿತ್ತು, ದಿ ಹೂ ತಂಡದ ಹಾಡಿನ ನಡುವೆ ಪ್ರಸಾರವೇ ಕಡಿದುಹೋಯಿತು. ಅವೆಲ್ಲ ಕ್ಷಮಿಸಬಹುದಾದವು. ಬಿಬಿಸಿಯ ನಿರೂಪಕರು ಹಣ ಕಳಿಸಬೇಕಾದ ಅಂಚೆ ವಿಳಾಸವನ್ನು ನಿಧಾನವಾಗಿ ಓದಲು ಹೊರಟಾಗ ಗೆಲ್ಡಾಫ್ ತಡೆದು, ವಿಳಾಸ ಬಿಡಿ, ಫೋನ್ ನಂಬರು ಕೊಡಿ ಎಂದು ಬೈಗುಳ ಬೆರೆಸಿ ಗದರಿದ ಪ್ರಸಂಗ ಈಗಲೂ ಪ್ರಸಿದ್ಧ. ಸಭ್ಯತೆಯ ಮಾತು ಬೇರೆ. ಅಲ್ಲಿ ಸಾಯುತ್ತಿರುವವರಿಗೆ ಅಂಚೆಯ ವೇಗ ಸಾಲದು ಎಂಬುದು ನೆನಪಿದ್ದವನು ಆ ಕೊಠಡಿಯಲ್ಲಿ ಅವನೊಬ್ಬನೇ ಇದ್ದಂತಿತ್ತು.

ಆ ದಿನದ ಇನ್ನೊಂದು ಆಯ್ಕೆ ಡೇವಿಡ್ ಬೋವಿಯದು. ಕೆನಡಾದ ಸಿಬಿಸಿ ವಾಹಿನಿಯವರು ಇಥಿಯೋಪಿಯಾದಲ್ಲಿ ತೆಗೆದ ಚಿತ್ರಗಳನ್ನು ಕಾರ್ಸ್ ಎಂಬ ತಂಡದ ಹಾಡೊಂದಕ್ಕೆ ಜೋಡಿಸಿದ ತುಣುಕೊಂದಿತ್ತು. ತೋರಿಸಲು ಸಮಯವಿರಲಿಲ್ಲ. ಬೋವಿ ಅದನ್ನು ನೋಡಿ, ನನ್ನ ಒಂದು ಹಾಡು ಬಿಡುತ್ತೇನೆ, ಆ ಜಾಗದಲ್ಲಿ ಇದನ್ನು ಹಾಕಿ ಎಂದ. ಹಾಕಿದರು. ಕ್ರೀಡಾಂಗಣ ಸ್ತಬ್ಧವಾಯಿತು. ಆಮೇಲೆ ಫೋನುಗಳ ಗಂಟೆ ಜೋರಾಯಿತು. ಆ ದಿನದ ಅತ್ಯಂತ ದೊಡ್ಡ ಕೊಡುಗೆ, ನಮ್ಮ ಲೆಕ್ಕದಲ್ಲಿ, ಹಾಡದೆ ಉಳಿದ ಆ ಹಾಡೇ.

ಅತ್ತ ಅಮೆರಿಕದಲ್ಲಿ ಎಬಿಸಿ ವಾಹಿನಿ ರಾತ್ರಿಯ ಮೂರು ಗಂಟೆಗಳನ್ನು ತೆಗೆದುಕೊಂಡಿತು, ಎಂಟಿವಿ ಇಡೀ ದಿನ ತೋರಿಸಿತು. 2004ರಲ್ಲಿ ಲೈವ್ ಏಡ್‌ನ ಡಿವಿಡಿ ಹೊರತರಲು ಹಳೆಯ ಟೇಪುಗಳನ್ನು ಹುಡುಕಿದಾಗ ಎಂಟಿವಿಯ ಉಗ್ರಾಣದಲ್ಲಿ ನೂರಕ್ಕೂ ಹೆಚ್ಚು ಟೇಪುಗಳು ಸಿಕ್ಕವು. ಆದರೆ ಹಲವು ಹಾಡುಗಳು ಅವುಗಳಲ್ಲಿ ಪೂರ್ತಿ ಇರಲಿಲ್ಲ. ನಡುವೆ ನಿರೂಪಕರ ಮಾತು, ಜಾಹೀರಾತಿನ ವಿರಾಮ. ಅಂದರೆ 2005ರಲ್ಲಿ ಜನ ದೂರಿದ ಚಾಳಿ 1985ರಷ್ಟೇ ಹಳೆಯದು.

ಈ ಟೇಪುಗಳ ವಿಷಯದಲ್ಲಿ ಇನ್ನೊಂದು ಮಾತಿದೆ. ಲೈವ್ ಏಡ್ ಒಂದೇ ಒಂದು ದಿನದ ಕಾರ್ಯಕ್ರಮ, ಇದನ್ನು ಮತ್ತೆ ತೋರಿಸುವುದಿಲ್ಲ ಎಂದು ಗೆಲ್ಡಾಫ್ ಕಲಾವಿದರಿಗೆ ಮಾತು ಕೊಟ್ಟಿದ್ದ. ಸಾಕಷ್ಟು ತಾಲೀಮಿಲ್ಲದೆ, ಸಿಕ್ಕ ಹದಿನೈದಿಪ್ಪತ್ತು ನಿಮಿಷಗಳಲ್ಲಿ ಹಾಡಿ ಇಳಿಯಬೇಕಾದವರಿಗೆ ಅಂಥ ಭರವಸೆ ಬೇಕಾಗಿತ್ತು. ಅಪಸ್ವರ ಶಾಶ್ವತವಾಗಿ ಉಳಿಯಬಾರದಲ್ಲ! ಕೊನೆಗೆ ಆ ಮಾತೂ ಉಳಿಯಲಿಲ್ಲ, ಅದು ಬೇರೆ ವಿಷಯ. ಆದರೆ ಕೊರೆಮ್ ಬಯಲಿನಲ್ಲಿ ಕೂತವರಿಗೆ ಇಂಥ ಮಾತು ಕೊಟ್ಟವರು ಯಾರು? ಸತ್ತ ಮಗುವಿಗೆ ಬಟ್ಟೆ ಸುತ್ತುತ್ತಿದ್ದ ತಾಯಿಗೆ, ನಿನ್ನ ಈ ಗಳಿಗೆಯನ್ನು ಒಮ್ಮೆ ತೋರಿಸುತ್ತೇವೆ, ಮತ್ತೆ ತೋರಿಸುವುದಿಲ್ಲ ಎಂದು ಹೇಳಿದವರುಂಟೇ? ಗಾಯಕನ ಅಪಸ್ವರಕ್ಕಿದ್ದ ಮರ್ಯಾದೆ ಆಕೆಯ ಸಂಕಟಕ್ಕಿರಲಿಲ್ಲ. ನಾಲ್ಕು ದಶಕಗಳಿಂದ ಆ ರೀಲುಗಳು ತಿರುಗುತ್ತಲೇ ಇವೆ.

ಕನ್ನಡದಲ್ಲಿ 'ಹಂಗು' ಎಂಬ ಪದವಿದೆ. ಉರ್ದುವಿನಲ್ಲಿ 'ಎಹ್ಸಾನ್ ಜತಾನಾ' ಎನ್ನುತ್ತೇವೆ, ಮಾಡಿದ ಉಪಕಾರವನ್ನು ಎತ್ತಿ ಎತ್ತಿ ತೋರಿಸುವುದು. ದಾನದ ವಿಷಯ ಬಂದಾಗ ನಮ್ಮ ವಾಯಿಝ್‌ಗಳು ಹೆಚ್ಚಾಗಿ ಮಾತನಾಡುವುದು ರಿಯಾದ ಬಗ್ಗೆ, ಅಂದರೆ ತೋರಿಕೆಗಾಗಿ ಕೊಡುವ ಕೊಡುಗೈಯವನ ಬಗ್ಗೆ. ಅದು ಅವನಿಗೂ ಅವನ ದೇವರಿಗೂ ಬಿಟ್ಟ ವ್ಯವಹಾರ. ಆದರೆ ಪಡೆದವನನ್ನು ನೋಯಿಸುವುದನ್ನು ನಮ್ಮ ಧರ್ಮಗ್ರಂಥ ಇದರ ಜೊತೆಗಿಟ್ಟು, ಆದರೂ ಬೇರೆಯಾಗಿಯೇ, ಖಂಡಿಸುತ್ತದೆ. ಬಹಿರಂಗವಾಗಿ ಕೊಡುವುದನ್ನು ಅದು ನಿಷೇಧಿಸಿಲ್ಲ ಎಂಬುದನ್ನೂ ಮರೆಯಬಾರದು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಮಾತನ್ನು ಹಿಡಿದು ಲೈವ್ ಏಡನ್ನು ತಳ್ಳಿಹಾಕುವವರ ಜೊತೆ ನಾವಿಲ್ಲ. ಗುಟ್ಟಾಗಿ ಕೊಟ್ಟಿದ್ದರೆ ಅಷ್ಟು ಧಾನ್ಯ, ಅಷ್ಟು ಲಾರಿಗಳು ಹುಟ್ಟುತ್ತಿರಲಿಲ್ಲ. ಒಟ್ಟು ಕೂಡಿದ ಹಣ ಸುಮಾರು 15 ಕೋಟಿ ಪೌಂಡು ಎಂಬ ಅಂದಾಜಿದೆ. ರೊಟ್ಟಿ ತಿಂದ ಮಗು ಅದನ್ನು ಕೊಟ್ಟವನ ನಿಯತ್ತನ್ನು ಕೇಳುವುದಿಲ್ಲ. ಹಾಗಾಗಿ ನಮ್ಮ ತಕರಾರು ಕೊಡುವವನ ಮೇಲಿನ ಬೆಳಕಿನ ಬಗ್ಗೆ ಅಲ್ಲ, ಪಡೆಯುವವನ ಮೇಲೆ ಬಿದ್ದು ಆರದೆ ಉಳಿದ ಬೆಳಕಿನ ಬಗ್ಗೆ.

ಇದು ಲಂಡನ್ನಿನವರ ಕಾಯಿಲೆ ಮಾತ್ರ ಎಂದುಕೊಂಡು ಹಾಯಾಗಿರುವಂತಿಲ್ಲ. ನಮ್ಮ ಕಡೆ ಯಕ್ಷಗಾನದ 'ಸಹಾಯಾರ್ಥ ಆಟ', ನಾಟಕದ 'ಸಹಾಯಾರ್ಥ ಪ್ರದರ್ಶನ' ನಡೆಯುತ್ತ ಬಂದಿವೆ. ಚೀಟಿ ಹರಿದು ದುಡ್ಡು ಎತ್ತುತ್ತಾರೆ, ರೋಗಿಯನ್ನೇನೂ ಮಂಚಸಮೇತ ತಂದು ರಂಗಸ್ಥಳದಲ್ಲಿ ಮಲಗಿಸುವುದಿಲ್ಲ. ಮಸೀದಿ ಕಟ್ಟಡಕ್ಕೆ ಚಂದಾ ಎತ್ತುವ ಜಲ್ಸಾಗಳಲ್ಲಿ 'ಫಲಾನಾ ಸಾಹೇಬರ ಕಡೆಯಿಂದ ಹತ್ತು ಮೂಟೆ ಸಿಮೆಂಟು' ಎಂದು ಮೈಕಿನಲ್ಲಿ ಕೂಗುವುದನ್ನು ಕೇಳಿ ನಕ್ಕಿದ್ದೇವೆ. ನಗಬಹುದು, ಏಕೆಂದರೆ ಅಲ್ಲಿ ಬಯಲಾಗುವುದು ಕೊಟ್ಟವನೇ. ಆದರೆ 2020ರ ಲಾಕ್‌ಡೌನ್ ಹೊತ್ತಿನಲ್ಲಿ ಐದು ಕೆಜಿ ಅಕ್ಕಿಯ ಕಿಟ್ ಹಿಡಿದು ಸಾಲಾಗಿ ನಿಂತವರ ಮುಖಗಳನ್ನು ಮೊಬೈಲಿನಲ್ಲಿ ತೆಗೆದು ಊರಿಗೆಲ್ಲ ಹಂಚಿದರಲ್ಲ, ಅದಕ್ಕೆ ನಗು ಬರಲಿಲ್ಲ. ಆ ಸಾಲಿನಲ್ಲಿ ನಿನ್ನೆಯವರೆಗೆ ದುಡಿದು ತಿನ್ನುತ್ತಿದ್ದ ಟೈಲರುಗಳಿದ್ದರು, ಆಟೋದವರಿದ್ದರು. ಕಿಟ್ ಹದಿನೈದು ದಿನಕ್ಕೆ ಮುಗಿಯಿತು. ಚಿತ್ರ ಮುಗಿಯಲಿಲ್ಲ. ಅದನ್ನು ನೋಡಿ ಆ ಮನೆಯ ಹುಡುಗಿಗೆ ಗಂಡು ನೋಡುವವರು ಏನಂದುಕೊಂಡಾರು ಎಂಬ ಯೋಚನೆ ಕ್ಯಾಮರಾ ಹಿಡಿದವನಿಗೆ ಬಂದಿರಲಿಕ್ಕಿಲ್ಲ.

ಇಥಿಯೋಪಿಯಾಕ್ಕೆ ಮರಳೋಣ. ನಮಗೆ ಆ ನಾಡು 'ಹಬಶ್'. ಮಕ್ಕಾದಲ್ಲಿ ಕಿರುಕುಳ ತಾಳಲಾರದೆ ಹೊರಟ ಮೊದಲ ಮುಸ್ಲಿಮರಿಗೆ ಆಶ್ರಯ ಕೊಟ್ಟ ಕ್ರೈಸ್ತ ದೊರೆ ನಜಾಶಿಯ ನಾಡು. ಬಿಲಾಲರ ಬೇರು ಇರುವ ನಾಡು. ಅಲ್ಲಿಂದ ಬಂದ ಮಲಿಕ್ ಅಂಬರ್ ದಖ್ಖನದಲ್ಲಿ ಸೈನ್ಯ ಕಟ್ಟಿದ, ಹಬಶಿ ಇಖ್ಲಾಸ್ ಖಾನ್ ಬಿಜಾಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ಮಂತ್ರಿಯಾಗಿದ್ದ. ಅಂದರೆ ನಮ್ಮ ನೆನಪಿನಲ್ಲಿ ಅದು ಮೊದಲು ಕೊಟ್ಟ ನಾಡು, ಆಮೇಲೆ ಬೇಡಿದ ನಾಡು. 1984ರ ಡಿಸೆಂಬರಿನಲ್ಲಿ ಬಂದ ಬ್ಯಾಂಡ್ ಏಡ್ ಹಾಡಿನ ಶೀರ್ಷಿಕೆಯಾದರೋ, ಇವರಿಗೆ ಕ್ರಿಸ್‌ಮಸ್ ಎಂಬುದಾದರೂ ಗೊತ್ತಿದೆಯೇ ಎಂದು ಕೇಳುವಂಥದ್ದು. ನಾಲ್ಕನೇ ಶತಮಾನದಿಂದ ಕ್ರೈಸ್ತ ಧರ್ಮವನ್ನು ಉಳಿಸಿಕೊಂಡು ಬಂದ ನಾಡಿನ ಬಗ್ಗೆ! ಘಾನಾ ಮೂಲದ ಗಾಯಕ ಫ್ಯೂಸ್ ಓಡಿಜಿ 2014ರಲ್ಲಿ ಆ ಹಾಡಿನ ಹೊಸ ಆವೃತ್ತಿಯಲ್ಲಿ ಹಾಡಲು ಒಪ್ಪಲಿಲ್ಲ. ಅದು ಆಫ್ರಿಕಾವನ್ನು ಕುಗ್ಗಿಸಿ ತೋರಿಸುತ್ತದೆ ಎಂಬುದು ಅವನ ಆಕ್ಷೇಪ. ಆಗ ಹಾಡಿದ್ದ ಎಡ್ ಶೀರನ್, 2024ರಲ್ಲಿ ತನ್ನ ದನಿಯನ್ನು ಮತ್ತೆ ಬಳಸಿದ್ದನ್ನು ತಾನು ಒಪ್ಪುತ್ತಿರಲಿಲ್ಲ ಎಂದ.

ಅವಮಾನಕ್ಕಿಂತ ದೊಡ್ಡ ಕೊರತೆ ಇನ್ನೊಂದು. ಆ ಹದಿನಾರು ಗಂಟೆಗಳ ಪ್ರಸಾರ ಬರಗಾಲವನ್ನು ಆಕಾಶದಿಂದ ಬಂದ ವಿಪತ್ತಿನಂತೆ ತೋರಿಸಿತು. ಮಳೆ ಬರಲಿಲ್ಲ ನಿಜ. ಆದರೆ ಅಲ್ಲಿ ಒಳಯುದ್ಧ ನಡೆಯುತ್ತಿತ್ತು. ಮೆಂಗಿಸ್ತುವಿನ ಸೈನಿಕ ಸರ್ಕಾರ 1984ರ ಸೆಪ್ಟೆಂಬರಿನಲ್ಲಿ ತನ್ನ ಕ್ರಾಂತಿಯ ಹತ್ತನೇ ವರ್ಷವನ್ನು ರಾಜಧಾನಿಯಲ್ಲಿ ಅದ್ದೂರಿಯಾಗಿ ಆಚರಿಸಿತ್ತು. ಉತ್ತರದ ಜನರನ್ನು ಬಲವಂತವಾಗಿ ದಕ್ಷಿಣಕ್ಕೆ ಎತ್ತಂಗಡಿ ಮಾಡುತ್ತಿತ್ತು. ಇದನ್ನು ಟೀಕಿಸಿದ ಫ್ರೆಂಚ್ ವೈದ್ಯರ ಸಂಘಟನೆಯನ್ನು 1985ರ ಕೊನೆಯಲ್ಲಿ ದೇಶದಿಂದ ಹೊರಹಾಕಿತು. ಮಳೆಯನ್ನು ಯಾರೂ ಬೈಯುವಂತಿಲ್ಲ, ಆದ್ದರಿಂದ ಮಳೆಯ ಕಥೆ ಎಲ್ಲರಿಗೂ ಅನುಕೂಲ. ಹಸಿದವನಿಗೆ ಅನ್ನ ಬೇಕು. ಅವನ ಅನ್ನ ಕಸಿದವರ ಹೆಸರೂ ಹೊರಬರಬೇಕು. ಈ ಎರಡನೆಯದು ಪ್ರಾಯೋಜಕರಿಗೆ ರುಚಿಸುವುದಿಲ್ಲ. ಹಾಗೆಂದು ಆರೋಪ ಹೊರಿಸುವ ಆತುರವೂ ಒಳ್ಳೆಯದಲ್ಲ. 2010ರಲ್ಲಿ ಬಿಬಿಸಿಯ ಒಂದು ರೇಡಿಯೋ ವರದಿ, ನೆರವಿನ ಹಣ ಬಂಡುಕೋರರ ಬಂದೂಕಿಗೆ ಹೋಯಿತು ಎಂದು ಹೇಳಿ, ಬ್ಯಾಂಡ್ ಏಡ್ ಹಣವೂ ಹಾಗೆ ಹೋಯಿತೆಂಬ ಭಾವನೆ ಬರಿಸಿತ್ತು. ಅದಕ್ಕೆ ಆಧಾರವಿಲ್ಲವೆಂದು ಅದೇ ವರ್ಷದ ನವೆಂಬರಿನಲ್ಲಿ ಬಿಬಿಸಿ ಕ್ಷಮೆ ಕೇಳಿತು.

ಬೇರೆ ರೀತಿಯಲ್ಲಿ ಮಾಡಲು ಸಾಧ್ಯವೇ ಇರಲಿಲ್ಲವೇ? ಇತ್ತು. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ರವಿಶಂಕರ್ ಮತ್ತು ಜಾರ್ಜ್ ಹ್ಯಾರಿಸನ್ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಕಾರ್ಯಕ್ರಮ ನಡೆಸಿದಾಗ ಮೊದಲು ಕೂತು ನುಡಿಸಿದವರು ರವಿಶಂಕರ್, ಅಲಿ ಅಕ್ಬರ್ ಖಾನ್, ಅಲ್ಲಾ ರಖಾ. ಅಲಿ ಅಕ್ಬರ್ ಹುಟ್ಟಿದ್ದೇ ಇಂದಿನ ಬಾಂಗ್ಲಾದೇಶದ ಹಳ್ಳಿಯಲ್ಲಿ. ಶ್ರುತಿ ಮಾಡಿಕೊಂಡದ್ದಕ್ಕೇ ಚಪ್ಪಾಳೆ ತಟ್ಟಿದ ಆ ಶ್ರೋತೃಗಳ ಮುಗ್ಧತೆ ಏನೇ ಇರಲಿ, ನೊಂದವರ ಕಡೆಯವರು ಅಲ್ಲಿ ಪರದೆಯ ಮೇಲಿನ ಚಿತ್ರವಾಗಿರಲಿಲ್ಲ, ವೇದಿಕೆಯ ಮೇಲಿನ ಉಸ್ತಾದರಾಗಿದ್ದರು. 2005ಕ್ಕೆ ಬಂದರೆ, ಆಫ್ರಿಕಾಕ್ಕಾಗಿ ನಡೆದ ಹೈಡ್ ಪಾರ್ಕಿನ ಪಟ್ಟಿಯಲ್ಲಿ ಆಫ್ರಿಕಾದವರನ್ನು ಹುಡುಕಬೇಕಿತ್ತು. ಟೀಕೆ ಬಂದ ಮೇಲೆ ಪೀಟರ್ ಗೇಬ್ರಿಯಲ್ ಮುಂದಾಗಿ ದೂರದ ಕಾರ್ನ್‌ವಾಲ್‌ನಲ್ಲಿ ಅವರಿಗೆಂದು ಪ್ರತ್ಯೇಕ ವೇದಿಕೆ ಮಾಡಿದರು. ಸೆನೆಗಲ್ಲಿನ ಯುಸೂ ಎನ್‌ದೂರ್, ಸೂಫಿ ಸಂತರ ಮೇಲೆ ಹಾಡಿ ಗ್ರ್ಯಾಮಿ ಪಡೆದ ಆ ದೊಡ್ಡ ಗಾಯಕ, ಒಂದೇ ದಿನ ಲಂಡನ್, ಕಾರ್ನ್‌ವಾಲ್, ಪ್ಯಾರಿಸ್ ಎಂದು ಮೂರು ಕಡೆ ಓಡಾಡಿ ಹಾಡಿದರು.

ಟಿವಿಗೆ ಮೌನ ಗೊತ್ತಿಲ್ಲ ಎಂದೂ ಹೇಳುವಂತಿಲ್ಲ. 2001ರ ಸೆಪ್ಟೆಂಬರ್ 21ರಂದು ಅಮೆರಿಕದ ನಾಲ್ಕು ಮುಖ್ಯ ವಾಹಿನಿಗಳು ಒಟ್ಟಾಗಿ ಹತ್ತು ದಿನ ಹಿಂದೆ ಸತ್ತವರ ಕುಟುಂಬಗಳಿಗಾಗಿ ಒಂದು ಕಾರ್ಯಕ್ರಮ ಬಿತ್ತರಿಸಿದವು. ಮೇಣದ ಬತ್ತಿಗಳು. ಪ್ರೇಕ್ಷಕರಿಲ್ಲ, ಚಪ್ಪಾಳೆಯಿಲ್ಲ, ಜಾಹೀರಾತಿಲ್ಲ. ಎಂಥ ದೊಡ್ಡ ಗಾಯಕನೇ ಬರಲಿ, ಹೆಸರು ಹೇಳಿ ಪರಿಚಯಿಸಲಿಲ್ಲ. ಕಾಯಿಲೆಯಿಂದ ನಡುಗುವ ಮುಹಮ್ಮದ್ ಅಲಿ ಬಂದು ತನ್ನ ಧರ್ಮ ಶಾಂತಿಯದು ಎಂದು ಹೇಳಿದ್ದು ಅದೇ ರಾತ್ರಿ. ಮನೆಯವರು ಸತ್ತಾಗ ಹೇಗೆ ಕೂರಬೇಕು ಎಂಬುದು ಆ ವಾಹಿನಿಗಳಿಗೆ ಚೆನ್ನಾಗಿಯೇ ಗೊತ್ತಿತ್ತು. ದೂರದವರ ಸಾವಿಗೆ ಜಾತ್ರೆ ಬೇಕಾಗುತ್ತದೆ. ಯುವಜನರಿಂದ ಹಣ ಎತ್ತಬೇಕಾದರೆ ಜಾತ್ರೆಯೇ ಬೇಕು ಎಂದು ವಾದಿಸುವವರಿದ್ದಾರೆ. ಆದರೆ ಆ ಮೌನದ ರಾತ್ರಿಯೂ ಕೋಟ್ಯಂತರ ಡಾಲರು ತಂದಿತು.

ಮನೆಯವರು ಎಂದರೆ ಯಾರು ಎಂಬುದೂ ಅಷ್ಟು ಸರಳವಲ್ಲ. 2005ರ ಸೆಪ್ಟೆಂಬರ್ 2ರಂದು, ಲೈವ್ 8 ಮುಗಿದು ಸರಿಯಾಗಿ ಎರಡು ತಿಂಗಳಿಗೆ, ಕತ್ರೀನಾ ಚಂಡಮಾರುತದ ಸಂತ್ರಸ್ತರಿಗಾಗಿ ಎನ್‌ಬಿಸಿ ವಾಹಿನಿ ನೇರಪ್ರಸಾರ ನಡೆಸುತ್ತಿತ್ತು. ಬರೆದುಕೊಟ್ಟ ಮಾತು ಬಿಟ್ಟು ಕಾನ್ಯೆ ವೆಸ್ಟ್ ಎಂಬ ಗಾಯಕ, ಅಧ್ಯಕ್ಷ ಬುಷ್‌ಗೆ ಕರಿಯರ ಬಗ್ಗೆ ಕಾಳಜಿಯಿಲ್ಲ ಎಂದುಬಿಟ್ಟ. ಪಕ್ಕದಲ್ಲಿದ್ದ ನಟ ಬೆಪ್ಪಾಗಿ ನೋಡಿದ. ಕ್ಯಾಮರಾ ಅವಸರವಸರವಾಗಿ ಬೇರೆಯವರತ್ತ ಹೊರಳಿತು. ಕೆಲವು ಗಂಟೆ ತಡವಾಗಿ ಪಶ್ಚಿಮ ಕರಾವಳಿಗೆ ಪ್ರಸಾರವಾಗುವಾಗ ಆ ಮಾತೇ ಇರಲಿಲ್ಲ. (ಮುಂದಿನ ವರ್ಷಗಳಲ್ಲಿ ಯಹೂದಿಗಳ ಬಗ್ಗೆ ಇದೇ ಮನುಷ್ಯ ಆಡಿದ ಮಾತುಗಳು ಅಸಹ್ಯ ಹುಟ್ಟಿಸುವಂಥವು. ಆದರೆ ಆ ರಾತ್ರಿಯ ಪ್ರಶ್ನೆ ಅದರಿಂದ ಅಳಿಯುವುದಿಲ್ಲ.) ಹಣ ಕೇಳುವವರೆಗೆ ಮೈಕ್ ನಿಮ್ಮದು, ಕಾರಣ ಕೇಳಿದರೆ ನಮ್ಮದು ಎಂಬ ಕರಾರು ಅಷ್ಟು ಸ್ಪಷ್ಟವಾಗಿ ಕಣ್ಣಿಗೆ ಬಿದ್ದದ್ದು ಅಪರೂಪ.

ಕೊನೆಯದಾಗಿ ಒಬ್ಬ ಹೆಣ್ಣುಮಗಳ ವಿಷಯ. 1984ರಲ್ಲಿ ಮೆಕೆಲೆಯಲ್ಲಿ ಸಿಬಿಸಿಯವರ ಕ್ಯಾಮರಾಕ್ಕೆ ಸಿಕ್ಕ, ಇನ್ನೇನು ಸಾಯುತ್ತದೆ ಎಂದುಕೊಂಡಿದ್ದ ಮಗುವೊಂದರ ಮುಖ ಆ ತುಣುಕಿನಲ್ಲಿತ್ತು. ಹೆಸರು ಬಿರ್ಹಾನ್ ವೊಲ್ಡು. ಆಕೆ ಬದುಕಿದಳು, ಕೃಷಿ ವಿಜ್ಞಾನ ಓದಿದಳು. ಲೈವ್ 8ರ ದಿನ ಗೆಲ್ಡಾಫ್ ಹೈಡ್ ಪಾರ್ಕಿನ ದೊಡ್ಡ ಪರದೆಯ ಮೇಲೆ ಆ ಹಳೆಯ ಮುಖವನ್ನು ನಿಲ್ಲಿಸಿ, ಅದರ ಮುಂದೆ ಆಕೆಯನ್ನು ಕರೆತಂದ. ಆಕೆ ತನ್ನ ನುಡಿಯಲ್ಲಿ ನಾಲ್ಕು ಮಾತಾಡಿದಳು, ಒಬ್ಬರು ಅನುವಾದಿಸಿದರು. ಅಷ್ಟರಲ್ಲಿ ಮಡೋನ್ನಾ ಬಂದು ಆಕೆಯ ಕೈ ಹಿಡಿದು ಹಾಡು ಶುರುಮಾಡಿದಳು. ಸಾವಿರಾರು ಜನರ ಕಣ್ಣು ತುಂಬಿತು. ನೋಡಿದ ನಮ್ಮದೂ ತುಂಬಿತು, ಸುಳ್ಳೇಕೆ. ಆಕೆಯ ಓದು, ಆಕೆಯ ನೆಲದ ಬೇಸಾಯ, ಆಕೆ ಕಂಡ ಇಪ್ಪತ್ತೊಂದು ವರ್ಷಗಳು, ಇದರ ಬಗ್ಗೆ ಯಾರಾದರೂ ಒಂದು ಪ್ರಶ್ನೆ ಕೇಳಿದ್ದರೆ ಪಿಂಕ್ ಫ್ಲಾಯ್ಡ್‌ನ ನಾಲ್ಕು ನಿಮಿಷ ಕಡಿಮೆಯಾದರೂ ನಾವು ಸಹಿಸಿಕೊಳ್ಳುತ್ತಿದ್ದೆವು.

2020ರ ನವೆಂಬರಿನಲ್ಲಿ ಬಿರ್ಹಾನಳ ಟಿಗ್ರೇ ಪ್ರಾಂತ್ಯದಲ್ಲಿ ಮತ್ತೆ ಯುದ್ಧ ಶುರುವಾಯಿತು. ಫೋನ್, ಅಂತರ್ಜಾಲ ಕಡಿದುಹಾಕಿದರು, ಪತ್ರಕರ್ತರನ್ನು ದೂರವಿಟ್ಟರು. ಸುಮಾರು 3.5 ಲಕ್ಷ ಜನ ಕ್ಷಾಮದಂಥ ಸ್ಥಿತಿಯಲ್ಲಿದ್ದಾರೆ ಎಂದು 2021ರ ಜೂನಿನಲ್ಲಿ ವಿಶ್ವಸಂಸ್ಥೆಯ ಸಂಸ್ಥೆಗಳು ಎಚ್ಚರಿಸಿದವು. ಈ ಬಾರಿಯೂ ಅದು ಬರೆದ ಎಚ್ಚರಿಕೆಯೇ. 2022ರ ನವೆಂಬರಿನಲ್ಲಿ ಒಪ್ಪಂದವಾಗುವವರೆಗೆ ಮೆಕೆಲೆಯಿಂದ ಹೊರಬಂದ ದೃಶ್ಯಗಳು ಬಹಳ ಕಡಿಮೆ. 2025ರ ಜುಲೈಯಲ್ಲಿ ಲೈವ್ ಏಡ್‌ಗೆ 40 ವರ್ಷ ತುಂಬಿದಾಗ ಬಿಬಿಸಿ ಅದರ ಕುರಿತು ಹೊಸ ಸಾಕ್ಷ್ಯಚಿತ್ರ ತೋರಿಸಿತು, ಹಳೆಯ ಹಾಡುಗಳನ್ನು ಮತ್ತೆ ಬಿತ್ತರಿಸಿತು. ಹಸಿವಿನ ದೃಶ್ಯಗಳೆಂದು ಜಗತ್ತಿನ ನೆನಪಿನಲ್ಲಿ ಉಳಿದಿರುವುದು ಇವತ್ತಿಗೂ 1984ರಲ್ಲಿ ಅಮೀನ್ ತೆಗೆದವೇ.